ಮದುವೆಯಾಗದವರಿಗೂ ಊರ ನಡುವೆ ಮನೆ

ಶಿವಮೊಗ್ಗದಿಂದ ನೀವು ಬರೆದ ಪತ್ರ ಓದಿದೆ. ಡೆನ್ಮಾರ್ಕಿನ ಕ್ರಿಸ್ಟಿಯಾನ್ಸ್‌ಫೆಲ್ಡ್ ಊರಿನ ಬಗ್ಗೆ ನಾವು ಹಾಕಿದ್ದ ಲೇಖನಕ್ಕೆ ನಿಮ್ಮ ತಕರಾರು ಹೀಗಿದೆ: “ಮದುವೆಯಾಗದ ಹೆಂಗಸರನ್ನು ಒಂದು ಮನೆಯಲ್ಲಿ, ವಿಧವೆಯರನ್ನು ಇನ್ನೊಂದು ಮನೆಯಲ್ಲಿ ಇಟ್ಟ ಊರನ್ನು ಇಷ್ಟೊಂದು ಹೊಗಳಬೇಕಾ? ಅದು ಸೆರೆಮನೆ ಅಲ್ವಾ?” ಆ ಪಂಥದವರು ಭಾರತಕ್ಕೂ ಬಂದಿದ್ದರಾ ಅಂತಲೂ ಕೇಳಿದ್ದೀರಿ.

1773ರಲ್ಲಿ ಈ ಊರು ಕಟ್ಟಿದವರು ಮೊರೇವಿಯನ್ ಪಂಥದ ಪ್ರೊಟೆಸ್ಟೆಂಟ್ ಕ್ರೈಸ್ತರು. ಅವರ ಕಸುಬು, ವ್ಯಾಪಾರ ಮೆಚ್ಚಿದ ದೊರೆ ಏಳನೇ ಕ್ರಿಸ್ಟಿಯಾನ್ ತಾನೇ ಕರೆಸಿಕೊಂಡ, ಹತ್ತು ವರ್ಷ ತೆರಿಗೆ ಬಿಟ್ಟ. ಊರಿಗೆ ಅವನದೇ ಹೆಸರು. ಚರ್ಚಿನ ಚೌಕ, ನೇರ ಬೀದಿಗಳು, ಹಳದಿ ಇಟ್ಟಿಗೆಯ ಮನೆಗಳು, ಕೆಂಪು ಹೆಂಚು. 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಸೆರೆಮನೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದ ಯುರೋಪಿನಲ್ಲಿ ಮದುವೆಯಾಗದ ಹೆಣ್ಣು ಹೆಚ್ಚಾಗಿ ಅಪ್ಪನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಹಂಗಿನಲ್ಲಿ ಇರಬೇಕಿತ್ತು, ಇಲ್ಲವೇ ಮನೆಗೆಲಸಕ್ಕೆ ಹೋಗಬೇಕಿತ್ತು. ಇಲ್ಲಿ ಮದುವೆಯಾಗದ ಹೆಂಗಸರಿಗಾಗಿ ಕಟ್ಟಿದ ‘ಸೋದರಿಯರ ಮನೆ’ಯಲ್ಲಿ ಅವಳಿಗೆ ಹಾಸಿಗೆ, ಜೊತೆಗಾತಿಯರು, ನೂಲುವ, ನೇಯುವ, ಕಸೂತಿಯ ಕೆಲಸ ಇತ್ತು. ತನ್ನ ಅನ್ನ ತಾನೇ ದುಡಿಯುತ್ತಿದ್ದಳು. ಮನೆಯ ಉಸ್ತುವಾರಿಯೂ ಹೆಂಗಸಿನದೇ. ಆ ಮನೆಯನ್ನು ಊರಂಚಿಗೆ ತಳ್ಳದೆ ನಡುವೆಯೇ ಕಟ್ಟಿದರು. ಊರಿನ ನಕ್ಷೆ ಹಾಕುವಾಗಲೇ ಒಂಟಿ ಹೆಣ್ಣನ್ನೂ ವಿಧವೆಯನ್ನೂ ನೆನೆದವರು ಎಷ್ಟು ಜನ ಸಿಗುತ್ತಾರೆ ಹೇಳಿ? ನಾನು ಮೆಚ್ಚಿದ್ದು ಅದನ್ನೇ.

ಹಾಗಂತ ಕಟ್ಟುಪಾಡು ಕಮ್ಮಿ ಇರಲಿಲ್ಲ. ಮದುವೆಗೆ ದೇವರ ಒಪ್ಪಿಗೆ ಕೇಳಲು ಚೀಟಿ ಎತ್ತುತ್ತಿದ್ದರು. 19ನೇ ಶತಮಾನದಲ್ಲಿ ಆ ಪದ್ಧತಿ ಬಿಟ್ಟರು. ಸ್ಮಶಾನದಲ್ಲಿ ಎಲ್ಲರಿಗೂ ಒಂದೇ ಥರದ ಚಪ್ಪಟೆ ಕಲ್ಲು, ಸರಿ. ಆದರೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬದುಕೆಲ್ಲ ಜೊತೆಗಿದ್ದ ಗಂಡ ಹೆಂಡತಿ ಪಕ್ಕಪಕ್ಕ ಮಲಗುವ ಹಾಗಿಲ್ಲ. ಇದು ನನಗೂ ಸಂಕಟದ ಸಂಗತಿ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇದೆ. ಕೆರಿಬಿಯನ್ನಿನ ಡೇನಿಶ್ ದ್ವೀಪಗಳಲ್ಲಿ ಇದೇ ಪಂಥದ ಮಿಷನ್ ತನ್ನ ತೋಟಗಳಲ್ಲಿ ಗುಲಾಮರನ್ನು ದುಡಿಸಿಕೊಂಡಿತು. ಸಮಾನತೆ ಹೇಳಿದವರು ಹೀಗೆ ಮಾಡಿದ್ದನ್ನು ಯಾವ ಚೆಂದದ ಬೀದಿಯೂ ಮುಚ್ಚಲಾರದು.

ಇನ್ನು ಭಾರತದ ಮಾತು. ಹೌದು, ಬಂದಿದ್ದರು. ಆಗ ಡೇನರ ಕೈಯಲ್ಲಿದ್ದ, ತಮಿಳುನಾಡು ಕರಾವಳಿಯ ತರಂಗಂಬಾಡಿಗೆ ಮೊರೇವಿಯನ್ನರು 1760ರಲ್ಲೇ ಬಂದು ನೆಲೆ ಮಾಡಿಕೊಂಡರು. 19ನೇ ಶತಮಾನದ ಆರಂಭದಲ್ಲಿ ಅದನ್ನು ಬಿಟ್ಟು ಹೋದರು. ಆಮೇಲೆ ಅದೇ ಶತಮಾನದಲ್ಲಿ ಲಡಾಖಿನ ಲೇಹ್‌ಗೂ ಹೋದರು. ಅಲ್ಲಿ ಅವರ ಚರ್ಚು, ಶಾಲೆ ಈಗಲೂ ನಡೆಯುತ್ತಿವೆ.