ನೈಟ್ರೇಟ್‌ಗೆ ನೀಲಗಿರಿ ಚಕ್ಕೆ

ಪ್ರಶ್ನೆ: ನಮ್ಮ ವಿದ್ಯಾರ್ಥಿನಿಲಯದ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಣ ಘಟಕ) ದಿನಕ್ಕೆ 5,000 ಲೀಟರ್ ನೀರು ಹೊರಬರುತ್ತದೆ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಆದರೂ ಲ್ಯಾಬ್ ವರದಿಯಲ್ಲಿ ನೈಟ್ರೇಟ್ ಲೀಟರಿಗೆ 110 ಮಿ.ಗ್ರಾಂ. ಇದೆ. ನೀರು ಕೊನೆಗೆ ಊರ ಕುಂಟೆ ಸೇರುತ್ತದೆ. ಅಗ್ಗದ ದಾರಿ ಇದೆಯೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಇದೆ. ಆದರೆ ಮೊದಲು ವರದಿಯನ್ನು ಇನ್ನೊಮ್ಮೆ ನೋಡಿ. 110 ಎಂಬುದು ಬರೀ ‘ನೈಟ್ರೇಟ್’ ಆದರೆ 4.43ರಿಂದ ಭಾಗಿಸಿ, ಅದರಲ್ಲಿರುವ ಸಾರಜನಕ (ನೈಟ್ರೋಜನ್) ಲೀಟರಿಗೆ ಸುಮಾರು 25 ಮಿ.ಗ್ರಾಂ. ಎಂದು ಬರುತ್ತದೆ. ‘ನೈಟ್ರೇಟ್ ನೈಟ್ರೋಜನ್’ ಎಂದೇ 110 ಇದ್ದರೆ ಕೆಳಗೆ ಹೇಳುವ ಚಕ್ಕೆ ಗುಂಡಿ ಏನೇನೂ ಸಾಲದು.

ನೈಟ್ರೇಟ್ ನೀರಲ್ಲಿ ಕರಗಿರುತ್ತದೆ. ಮರಳಿನ ಶೋಧಕಕ್ಕೆ ಸಿಗುವುದಿಲ್ಲ. ಗಾಳಿ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾ ನೈಟ್ರೇಟ್‌ನ ಆಮ್ಲಜನಕವನ್ನೇ ಉಸಿರಾಡಿ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಅವಕ್ಕೆ ಮೇವು ಬೇಕು. ಸಾಮಿಲ್‌ನಲ್ಲಿ ಸಿಗುವ ನೀಲಗಿರಿ ಚಕ್ಕೆ ಆ ಮೇವು.

ಒಂದು ಘನ ಮೀಟರ್ ಚಕ್ಕೆ ದಿನಕ್ಕೆ 5 ಗ್ರಾಂ ಸಾರಜನಕ ಕಳೆಯುತ್ತದೆ ಎಂದು ಕೈ ಹಿಡಿದೇ ಲೆಕ್ಕ ಹಾಕೋಣ. 5,000 ಲೀಟರ್ ನೀರಿನ ಸಾರಜನಕವನ್ನು ಲೀಟರಿಗೆ 25ರಿಂದ 10 ಮಿ.ಗ್ರಾಂ.ಗೆ ಇಳಿಸಲು ದಿನಕ್ಕೆ 75 ಗ್ರಾಂ ಹೋಗಬೇಕು, ಅಂದರೆ 15 ಘನ ಮೀಟರ್ ಚಕ್ಕೆ. 27 ಅಡಿ ಉದ್ದ, 7 ಅಡಿ ಅಗಲದ ಗುಂಡಿ ತೆಗೆದು, ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಹಾಸಿ. ಎರಡೂ ತುದಿಗೆ ಒಂದೊಂದು ಅಡಿ ಜಲ್ಲಿ, ನಡುವೆ 3 ಅಡಿ ಎತ್ತರಕ್ಕೆ ಚಕ್ಕೆ. ಚಕ್ಕೆ ಒಂದೆರಡು ಇಂಚಿನದಿರಲಿ. ಮರದ ಪುಡಿ ಬೇಡವೇ ಬೇಡ, ಕಟ್ಟಿಕೊಳ್ಳುತ್ತದೆ. ಹಳೆಯ ಪ್ಲೈವುಡ್ ಚೂರೂ ಬೇಡ, ಅದರಲ್ಲಿ ಏನೇನು ರಾಸಾಯನಿಕ ಇರುತ್ತದೋ!

ಹೊರಹೋಗುವ ಪೈಪಿಗೆ ಎಲ್ಬೋ ಹಾಕಿ ಚಕ್ಕೆಯ ಮೇಲ್ಮಟ್ಟದವರೆಗೆ ಎತ್ತಿ ನಿಲ್ಲಿಸಿ. ಚಕ್ಕೆ ಸದಾ ಮುಳುಗಿರಬೇಕು. ಗಾಳಿ ತಾಕಿದ ಚಕ್ಕೆ ಬೇಗ ಕೊಳೆಯುತ್ತದೆ, ನೈಟ್ರೇಟ್ ಮಾತ್ರ ಹಾಗೇ ಉಳಿಯುತ್ತದೆ. ಪಂಪ್ ಓಡಿದಾಗ ಒಮ್ಮೆಗೇ ನುಗ್ಗಿಸಬೇಡಿ. ತೊಟ್ಟಿಯಲ್ಲಿ ನಿಲ್ಲಿಸಿ, 10 ಲೀಟರ್ ಬಕೆಟ್ ಸುಮಾರು 3 ನಿಮಿಷಕ್ಕೆ ತುಂಬುವಂತೆ ವಾಲ್ವ್ ತಿರುಗಿಸಿ, ಹಗಲು ರಾತ್ರಿ ಹರಿಯಲಿ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು ಕ್ಲೋರಿನ್: ಹೈಪೋಕ್ಲೋರೈಟ್ ಬೆರೆತ ನೀರು ಬಂದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಕ್ಲೋರಿನ್ ಏನಿದ್ದರೂ ಗುಂಡಿ ದಾಟಿದ ಮೇಲೆ. ಇನ್ನೊಂದು ಅಮೋನಿಯಾ: ಅದನ್ನು ಚಕ್ಕೆ ಮುಟ್ಟುವುದೇ ಇಲ್ಲ. ಅಮೋನಿಯಾ ಹೆಚ್ಚಿದ್ದರೆ ಎಸ್‌ಟಿಪಿಯಲ್ಲೇ ಗಾಳಿ ಊದಿ ಮೊದಲು ನೈಟ್ರೇಟ್ ಮಾಡಿಕೊಳ್ಳಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು. ಕರೆಂಟ್ ಉಳಿಸಲು ಬ್ಲೋವರ್ ನಿಲ್ಲಿಸುವ ಕಡೆಗಳಲ್ಲಿ ಆಗುವ ಪಜೀತಿ ಇದೇ.

ಮೊದಲ ಎರಡು ಮೂರು ವಾರ ಚಹಾದ ಡಿಕಾಕ್ಷನ್‌ನಂಥ ನೀರು ಬರುತ್ತದೆ. ಹೆದರಬೇಡಿ, ಕುಂಟೆಗೂ ಬಿಡಬೇಡಿ, ಮರಗಳ ಬುಡಕ್ಕೆ ಹರಿಸಿ. ಆಮೇಲೆ ಯಾವಾಗಲಾದರೂ ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಒಳಗೆ ಅತಿಯಾಗಿ ನಿಲ್ಲುತ್ತಿದೆ, ನೈಟ್ರೇಟ್ ಮುಗಿದು ಬ್ಯಾಕ್ಟೀರಿಯಾ ಸಲ್ಫೇಟ್‌ಗೆ ಕೈ ಹಾಕಿವೆ ಎಂದರ್ಥ. ಹರಿವು ಸ್ವಲ್ಪ ಹೆಚ್ಚಿಸಿ. ಡಿಸೆಂಬರ್ ಚಳಿಯಲ್ಲಿ ಕೆಲಸ ನಿಧಾನವಾಗುತ್ತದೆ. ಚಕ್ಕೆ ಕುಸಿದಷ್ಟು ವರ್ಷಕ್ಕೊಮ್ಮೆ ತುಂಬಿಸಿ. ಪರೀಕ್ಷೆಗೆ ಕೊಡುವಾಗ ನೈಟ್ರೈಟ್ ಕೂಡ ಕೇಳಿ. ಅರ್ಧಕ್ಕೇ ನಿಂತ ಕೆಲಸ ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆಯ ಪಕ್ಕ ನಮ್ಮ ಬೋರ್‌ವೆಲ್ ಇದೆ. ನೈಟ್ರೇಟ್ ಇದ್ದರೆ ಕುದಿಸಿ ಕುಡಿಯಬಹುದೇ?
– ಓದುಗರು, ಕೋಲಾರ

ಉತ್ತರ: ಬೇಡ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್; ದಾಟಿದರೆ ಆರ್‌ಒ ನೀರೇ ಗತಿ. ಆರು ತಿಂಗಳೊಳಗಿನ ಮಗುವಿನ ಪುಡಿಹಾಲಿಗಂತೂ ಆ ಬೋರ್ ನೀರು ಬಳಸಲೇಬಾರದು. ಹಾಗೆಂದು ದೂರನ್ನೆಲ್ಲ ಕೆರೆಯ ಮೇಲೆ ಹಾಕಬೇಡಿ: ಬೋರ್ ಪಕ್ಕದ ತಿಪ್ಪೆ, ಶೌಚದ ಗುಂಡಿ, ಹೊಲದ ಯೂರಿಯಾದಿಂದಲೂ ನೈಟ್ರೇಟ್ ಇಳಿಯುತ್ತದೆ.

ಪ್ರಶ್ನೆ: ಎಸ್‌ಟಿಪಿ ನೀರನ್ನು ಹಿಪ್ಪುನೇರಳೆಗೆ ಬಿಡಲೂ ಈ ಚಕ್ಕೆ ಗುಂಡಿ ಬೇಕೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಡ, ದುಡ್ಡು ದಂಡ. ಸಾರಜನಕ ಲೀಟರಿಗೆ 25 ಮಿ.ಗ್ರಾಂ. ಇರುವ ಒಂದು ಲಕ್ಷ ಲೀಟರ್ ನೀರಲ್ಲಿ 2.5 ಕೆ.ಜಿ. ಸಾರಜನಕ, ಅಂದರೆ ಸುಮಾರು ಐದೂವರೆ ಕೆ.ಜಿ. ಯೂರಿಯಾ ಇದ್ದಂತೆ. ಹಾಕುವ ಗೊಬ್ಬರದಲ್ಲಿ ಅಷ್ಟನ್ನು ಕಳೆಯಿರಿ.