ನೀರು ಯಾವಾಗ ಬರುತ್ತೆ ಅಂತ ವಾಲ್ವ್‌ಮನ್‌ಗೆ ಗೊತ್ತು

ಓದುಗರೊಬ್ಬರ ಪತ್ರ ಇದು. ಹೆಸರು, ಊರು ಹಾಕಬೇಡಿ ಅಂದಿದ್ದಾರೆ. “ನಮ್ಮ ಬೀದಿಗೆ ಐದಾರು ದಿನಕ್ಕೊಮ್ಮೆ ನಲ್ಲಿ ನೀರು. ರಾತ್ರಿ ಎರಡಕ್ಕೂ ಬರುತ್ತೆ, ಮಧ್ಯಾಹ್ನ ಮೂರಕ್ಕೂ ಬರುತ್ತೆ. ಹೋದ ವಾರ ಬರಲೇ ಇಲ್ಲ, ದೂರು ಕೊಟ್ಟೆ. ಮರುದಿನ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು, ನೀರು ಬರಲಿಲ್ಲ. ಒಂದು ಒಳ್ಳೆ ಆ್ಯಪ್ ಮಾಡಲಿ, ಇಲ್ಲಾ ಖಾಸಗಿಯವರಿಗೆ ಕೊಟ್ಟುಬಿಡಲಿ. ಸರಿ ಹೋಗುತ್ತೆ ಅಲ್ವಾ?”

ಮೊದಲು ಆ ಮೆಸೇಜಿನ ವಿಷಯ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಊರುಗಳ ನೀರು ಸರಬರಾಜಿಗೆ ಕೆಲವು ಅಳತೆಗೋಲು ಹಾಕಿತು. ತಲೆಗೆ ದಿನಕ್ಕೆ 135 ಲೀಟರ್, ದಿನದ 24 ಗಂಟೆಯೂ ನೀರು, ಬಂದ ದೂರುಗಳಲ್ಲಿ ನೂರಕ್ಕೆ 80 ದೂರು ಒಂದು ದಿನದೊಳಗೆ ಇತ್ಯರ್ಥ, ಹೀಗೆ. ಮೊದಲೆರಡಕ್ಕೆ ಪೈಪು, ಪಂಪು, ದುಡ್ಡು ಎಲ್ಲಾ ಬೇಕು. ಮೂರನೆಯದಕ್ಕೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಯಾವುದು ಮೊದಲು ಮುಗಿಯುತ್ತೆ ನೀವೇ ಹೇಳಿ. ದೂರು ಕೊಟ್ಟವರು ‘ಹೌದು, ನೀರು ಬಂತು’ ಅನ್ನುವ ತನಕ ಅದನ್ನು ಮುಚ್ಚುವ ಹಾಗಿಲ್ಲ ಅಂತ ಒಂದು ಸಾಲು ಸೇರಿಸಿದ್ದರೆ ಅರ್ಧ ಆಟ ಅಲ್ಲೇ ನಿಲ್ಲುತ್ತಿತ್ತು.

ಇನ್ನು ಆ್ಯಪ್. ಇದನ್ನು ಸುಮಾರು ಹತ್ತು ಹದಿನೈದು ವರ್ಷದ ಹಿಂದೆಯೇ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿ ನೋಡಿದ್ದಾರೆ. ನೆಕ್ಸ್ಟ್‌ಡ್ರಾಪ್ ಅಂತ ಒಂದು ಕಂಪನಿ. ವಾಲ್ವ್‌ಮನ್ ನೀರು ಬಿಡುವಾಗ ಒಂದು ನಂಬರಿಗೆ ಫೋನ್ ಮಾಡಬೇಕು, ಆ ಓಣಿಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗಬೇಕು. ಸ್ಮಾರ್ಟ್‌ಫೋನೂ ಬೇಡ. ನನ್ನ ಮಟ್ಟಿಗೆ ಬಹಳ ಚೆಂದದ ಯೋಚನೆ. ಆಮೇಲೆ ಬೆಂಗಳೂರಿಗೂ ಬಂತು. ಅಲ್ಲಿ ಸಂಶೋಧಕರು ಮನೆಮನೆ ಸುತ್ತಿ ವಿಚಾರಿಸಿದರೆ, ಜನ ಕಾಯುವುದು ಅಂಥಾ ಏನೂ ಕಡಿಮೆ ಆಗಿರಲಿಲ್ಲ. ಎಷ್ಟೋ ವಾಲ್ವ್‌ಮನ್‌ಗಳು ಸರಿಯಾದ ಹೊತ್ತಿಗೆ ಫೋನೇ ಮಾಡುತ್ತಿರಲಿಲ್ಲ.

ಅವರನ್ನು ಬೈಯುವ ಮೊದಲು ಅವರ ದಿನ ಹೇಗಿರುತ್ತೆ ನೋಡಿ. ಕರೆಂಟ್ ಹೋಗಿ ಪಂಪ್ ನಿಂತರೆ ಟ್ಯಾಂಕ್ ತುಂಬುವುದಿಲ್ಲ, ಟ್ಯಾಂಕ್ ತುಂಬದೆ ವಾಲ್ವ್ ತಿರುಗಿಸಿದರೆ ಏರಿನ ಮೇಲಿನ ಮನೆಗಳಿಗೆ ಬರೀ ಗಾಳಿ, ಅಷ್ಟರಲ್ಲಿ ಕಾರ್ಪೊರೇಟರ್ ಕಡೆಯಿಂದ ‘ಮೊದಲು ನಮ್ಮ ಓಣಿಗೆ ಬಿಡಪ್ಪಾ’ ಅಂತ ಫೋನು. ಯಾವ ವಾಲ್ವ್ ಎಷ್ಟು ಸುತ್ತು, ಯಾವುದು ತುಕ್ಕು ಹಿಡಿದಿದೆ, ಎಲ್ಲಾ ಅವನ ತಲೆಯಲ್ಲೇ ಇರುತ್ತೆ, ಎಷ್ಟೋ ಕಡೆ ಆಫೀಸಿನ ನಕ್ಷೆಯಲ್ಲೂ ಇರುವುದಿಲ್ಲ. ತಡವಾಗಿ ಬಿಟ್ಟೆ ಅಂತ ತಾನೇ ಫೋನ್ ಮಾಡಿ ದಾಖಲೆ ಮಾಡಿಸಿಕೊಳ್ಳುವುದರಿಂದ ಅವನಿಗೆ ಏನು ಲಾಭ? (ಇನ್ನೊಂದು ಅನುಮಾನ. ಮೆಸೇಜ್ ಹೋಗುವುದು ಆಫೀಸಿನಲ್ಲಿರುವ ಯಜಮಾನರ ಮೊಬೈಲಿಗೆ, ಕೊಡ ಹಿಡಿದು ಕಾಯುವವರು ಮನೆಯಲ್ಲಿ.)

ಖಾಸಗಿಯ ಮಾತಿಗೂ ಹುಬ್ಬಳ್ಳಿಗೇ ಹೋಗೋಣ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕ್ ಸಾಲದಲ್ಲಿ 24 ಗಂಟೆ ನೀರು ಬಂತು. ನಡೆಸಿದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ. ನಿಜವಾಗಿಯೂ ಬಂತು, ನಲ್ಲಿ ತಿರುಗಿಸಿದರೆ ನೀರು. ಪೈಪು ಯಾವಾಗಲೂ ತುಂಬಿರುವುದರಿಂದ ಪಕ್ಕದ ಚರಂಡಿ ನೀರು ಒಳಗೆ ಎಳೆದುಕೊಳ್ಳುವುದು ಕಡಿಮೆಯಾಯಿತು. ಹೊಸ ನೀರು ಬಂತು ಅಂತ ಹಳೇ ನೀರು ಚೆಲ್ಲಿ ಡ್ರಮ್ ತುಂಬಿಸುವ ಕೆಲಸವೂ ತಪ್ಪಿತು. ಆದರೆ ಅಲ್ಲಿ ಬದಲಾಗಿದ್ದು ಬರೀ ಕಂಪನಿಯಲ್ಲ. ಹಳೇ ಪೈಪಿಗೆ ತೇಪೆ ಹಾಕುವುದು ಬಿಟ್ಟು ಹೊಸ ಪೈಪು ಎಳೆದರು, ಮನೆಮನೆಗೆ ಮೀಟರ್ ಕೂರಿಸಿದರು. ಎಲ್ಲಿ ಎಷ್ಟು ನೀರು ಸೋರುತ್ತಿದೆ ಅಂತ ಲೆಕ್ಕ ಸಿಕ್ಕಿತು. ಅಷ್ಟಕ್ಕೂ ಅದು ಸಿಕ್ಕಿದ್ದು ಊರಿನ ಹತ್ತರಲ್ಲಿ ಒಂದು ಪಾಲು ಜನಕ್ಕೆ. ಉಳಿದವರು ಹತ್ತು ವರ್ಷ ಕಳೆದರೂ ಡ್ರಮ್ ತುಂಬಿಸುತ್ತಲೇ ಇದ್ದರು.

ಕರೆಂಟಿಗೆ ಹೋಲಿಸಿ ನೋಡಿ. ಫ್ಯೂಸ್ ಹೋದರೆ ಪೇಟೆಯಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆಯೊಳಗೆ ಸರಿ ಮಾಡಬೇಕು ಅಂತ ವಿದ್ಯುತ್ ನಿಯಂತ್ರಣ ಆಯೋಗ ನಿಯಮ ಮಾಡಿದೆ. ಪಾಲಿಸುತ್ತಾರೋ ಇಲ್ಲವೋ, ಜಗಳ ಆಡುವುದಕ್ಕೆ ಒಂದು ಅಂಕಿ ಇದೆ, ಮೇಲೆ ಕೇಳುವವರು ಇದ್ದಾರೆ. ಊರಿನ ನಲ್ಲಿ ನೀರಿಗೆ ಅಂಥ ಆಯೋಗ ನಮ್ಮಲ್ಲಿ ಇಲ್ಲ. ನೀರು ಕೊಡುವವರೂ, ಕೊಟ್ಟೆವು ಅಂತ ಬರೆದುಕೊಳ್ಳುವವರೂ ಅವರೇ.

ಹಾಗಾಗಿ ಲೆಕ್ಕ ನೀವೇ ಇಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ. ನೀರು ಬಂದ ಗಂಟೆ, ನಿಂತ ಗಂಟೆ, ಎರಡೇ ಸಾಕು. ನಿಮ್ಮ ಬೀದಿಯ ಹತ್ತು ಮನೆಯವರು ಎರಡು ತಿಂಗಳು ಬರೆಯಲಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ನಿಮ್ಮ ವಾರ್ಡಿನ ನೀರು ಬಿಡುವ ವೇಳಾಪಟ್ಟಿ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಎಂಜಿನಿಯರ್ ಹತ್ತಿರ ಹೋಗಿ, ಸಾಧ್ಯವಾದರೆ ನಿಮ್ಮ ವಾಲ್ವ್‌ಮನ್‌ನನ್ನೂ ಕರೆದುಕೊಂಡು ಹೋಗಿ. ಎಲ್ಲಿ ತಪ್ಪುತ್ತಿದೆ ಅಂತ ಎಂಜಿನಿಯರ್‌ಗಿಂತ ಚೆನ್ನಾಗಿ ಅವನೇ ಹೇಳಬಹುದು. ಆ ಕ್ಯಾಲೆಂಡರ್ ಹಾಳೆಗಳ ಫೋಟೊ ನಮಗೂ ಕಳಿಸಿ, ಪಕ್ಕದಲ್ಲಿ ಹಾಲಿನ ಲೆಕ್ಕ ಇದ್ದರೂ ಪರವಾಗಿಲ್ಲ, ಹಾಗೇ ಅಚ್ಚು ಹಾಕುತ್ತೇವೆ.

— ಸಂಪಾದಕ