ಬೀಗದ ಕೈ ಬಿಡಿ, ಎದೆಗೆ ಕೈ ಕೊಡಿ

ತಿಪಟೂರಿನ ಓದುಗರೊಬ್ಬರ ಪತ್ರ: "ನಮ್ಮ ಬೀದಿಯ ಹುಡುಗ, 38 ವರ್ಷ, ಶಟಲ್ ಆಡುತ್ತಾ ಕುಸಿದುಬಿದ್ದ. ಕೈಕಾಲು ಅದುರುತ್ತಿತ್ತು. ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೈ ಕೊಟ್ಟೆವು, ಮುಖಕ್ಕೆ ನೀರು ಚಿಮುಕಿಸಿದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದ. ಎರಡು ತಿಂಗಳ ಹಿಂದಷ್ಟೇ ಇಸಿಜಿ ನಾರ್ಮಲ್ ಬಂದಿತ್ತು. ಮತ್ಯಾಕೆ ಸಾರ್ ಈ ಪರೀಕ್ಷೆಗಳು?"

ನಿಮ್ಮ ಪ್ರಶ್ನೆ ಇಸಿಜಿ ಬಗ್ಗೆ. ನನ್ನ ಮನಸ್ಸು ಮಾತ್ರ ಆ ಬೀಗದ ಕೈ ಹತ್ತಿರವೇ ನಿಂತಿದೆ.

ಮೊದಲು ಇಸಿಜಿ. ಮಲಗಿಸಿ ತೆಗೆದ ಇಸಿಜಿ ಹೃದಯದ ಕೆಲವೇ ಸೆಕೆಂಡುಗಳ ಲೆಕ್ಕ. ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೂ ಅದು ನಾರ್ಮಲ್ ಬರಬಹುದು. 35 ದಾಟಿದವರ ಹಠಾತ್ ಸಾವಿಗೆ ಹೆಚ್ಚಾಗಿ ಆ ಕೊಬ್ಬೇ ಕಾರಣ. ಇನ್ನೂ ಚಿಕ್ಕವರಲ್ಲಿ ವಂಶದಲ್ಲಿ ಬಂದ ತೊಂದರೆಗಳು ಜಾಸ್ತಿ: ಹೃದಯದ ಗೋಡೆ ದಪ್ಪವಾಗುವುದು, ಬಡಿತದ ವಿದ್ಯುತ್ತಿನಲ್ಲಿ ಎಡವಟ್ಟು. ಓಡುವಾಗ ಎದೆ ಹಿಡಿದವರು, ತಲೆಸುತ್ತಿ ಬಿದ್ದವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೀಗೆ ಹೋಗಿದ್ದರೆ ಅಂಥವರು ಹೃದಯದ ಡಾಕ್ಟರಿಗೆ ತೋರಿಸಲೇಬೇಕು. ಆ ಹುಡುಗನ ಒಡಹುಟ್ಟಿದವರಿಗೂ ಹೇಳಿ. ಬಿಪಿ, ಶುಗರ್, ಸಿಗರೇಟಿನ ಮಾತು ನಿಮಗೆ ಗೊತ್ತಿರುವುದೇ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಆಟದ ನಡುವೆಯೇ ಬಿದ್ದದ್ದು ನೆನಪಿದೆಯಾ? ದೊಡ್ಡ ಕ್ಲಬ್ಬುಗಳ ಆಟಗಾರ, ತಪಾಸಣೆಗೇನೂ ಕಮ್ಮಿಯಿರಲಿಲ್ಲ. ಉಳಿಸಿದ್ದು ಮೈದಾನದಲ್ಲೇ ಎದೆ ಒತ್ತಿದ ಕೈಗಳು, ಹೃದಯಕ್ಕೆ ಕೊಟ್ಟ ಒಂದು ವಿದ್ಯುತ್ ಶಾಕ್. ಮುಂದಿನ ಫೆಬ್ರವರಿಗೆ, ಎದೆಯೊಳಗೆ ಪುಟ್ಟ ಯಂತ್ರ ಇಟ್ಟುಕೊಂಡು, ಮತ್ತೆ ಆಟಕ್ಕಿಳಿದರು.

ಈಗ ಬೀಗದ ಕೈ. ಹೃದಯ ನಿಂತ ಕೂಡಲೇ ಮಿದುಳಿಗೆ ರಕ್ತ ಹೋಗುವುದಿಲ್ಲ. ಅದಕ್ಕೇ ಕೈಕಾಲು ಅದುರಬಹುದು. ಗೊರಗೊರ ಅಂತ ಆಗೊಮ್ಮೆ ಈಗೊಮ್ಮೆ ಉಸಿರೆಳೆದ ಹಾಗೂ ಕಾಣಬಹುದು. ಅದನ್ನು ಉಸಿರು ಅಂತ ನಂಬಬೇಡಿ. ಭುಜ ತಟ್ಟಿ ಕೂಗಿ. ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುಮಧ್ಯೆ ಕೈಮೇಲೆ ಕೈಯಿಟ್ಟು ಒತ್ತಲಿ. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ಸುಸ್ತಾದರೆ ಪಕ್ಕದವರಿಗೆ ಬಿಟ್ಟುಕೊಡಿ, ಒತ್ತುವುದನ್ನು ನಿಲ್ಲಿಸಬೇಡಿ. ಶಾಕ್ ಕೊಡುವ ಎಇಡಿ ಪೆಟ್ಟಿಗೆ ಹತ್ತಿರದಲ್ಲಿದ್ದರೆ ತರಿಸಿ, ಏನು ಮಾಡಬೇಕೆಂದು ಅದೇ ಮಾತಾಡಿ ಹೇಳುತ್ತದೆ. ಏನೂ ಮಾಡದೆ ನಿಂತರೆ, ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ.

ನಿಮ್ಮ ಮೇಲೆ ತಪ್ಪು ಹಾಕಿಕೊಳ್ಳಬೇಡಿ. ನಾನಿದ್ದಿದ್ದರೂ ಜೇಬಿನಲ್ಲಿ ಬೀಗದ ಕೈಯನ್ನೇ ಹುಡುಕುತ್ತಿದ್ದೆನೇನೋ, ನಮಗ್ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ. ಒಂದು ಭಾನುವಾರ ಆಟ ಬಿಟ್ಟು, ಅದೇ ಶಟಲ್ ಕೋರ್ಟಿಗೆ ಊರಿನ ಡಾಕ್ಟರೊಬ್ಬರನ್ನು ಕರೆಸಿ ಎಲ್ಲರೂ ಎದೆ ಒತ್ತುವುದನ್ನು ಕಲಿಯಬಹುದಲ್ವಾ?